ಪ್ರಕಟಣೆಯ ಕೃಪೆಗಾಗಿ

ಹೋದ ತಿಂಗಳು ಮೇಷ್ಟ್ರ ಮನೆಯಿಂದ ಫೋನ್ ಬಂತು. ಮೇಷ್ಟ್ರು ಅಂದರೆ ಎಂ.ಎ.ಯಲ್ಲಿ ನಮಗೆ ಸಾರ್ವಜನಿಕ ಸಂಪರ್ಕ (ಪಿಆರ್) ಪಾಠ ಮಾಡಿದವರು. ತೀರಿಕೊಂಡು ಎರಡು ವರ್ಷ ಆಯ್ತು. ಮಗಳು ಮಾತಾಡಿದರು. ಮನೆ ಬಾಡಿಗೆಗೆ ಕೊಡ್ತಾ ಇದ್ದೀವಿ, ಅಪ್ಪನ ರೂಮಲ್ಲಿ ಒಂದಷ್ಟು ಕಾಗದ ಇದೆ, ನಿಮಗೇನಾದ್ರೂ ಬೇಕಾ ಅಂದರು. ಭಾನುವಾರ ಬರ್ತೀನಿ ಅಂದೆ. ಭಾನುವಾರ ಹೋದರೆ, ಶನಿವಾರವೇ ಗುಜರಿಯವನು ಬಂದು ಹೋಗಿದ್ದ. ಹದಿನಾಲ್ಕು ರಟ್ಟಿನ ಡಬ್ಬದಲ್ಲಿ ಉಳಿದಿದ್ದು ಒಂದೂವರೆ.

ಅವರ ತಪ್ಪೇನಿಲ್ಲ. ಅವರು ಮೊದಲು ಕೇಳಿದ್ದು ಮೇಷ್ಟ್ರು ಇಪ್ಪತ್ತೆಂಟು ವರ್ಷ ಪಾಠ ಮಾಡಿದ ವಿಭಾಗವನ್ನೇ. ‘ಪುಸ್ತಕ ಇದ್ರೆ ಕೊಡಿ ಮೇಡಂ, ಪೇಪರ್ ಇಡೋಕೆ ಜಾಗ ಇಲ್ಲ’ ಅಂದರಂತೆ. ಜಾಗ ಇಲ್ಲ ಅನ್ನುವುದು ನಮ್ಮಲ್ಲಿ ಎಲ್ಲದಕ್ಕೂ ಒಪ್ಪುವ ಉತ್ತರ. ಆಮೇಲೆ ಗುಜರಿಯವನಿಗೆ ಹೇಳಿದರು. ಅವನಿಗೆ ಜಾಗ ಇತ್ತು.

ಉಳಿದ ಡಬ್ಬವನ್ನು ಸ್ಕೂಟರಿನಲ್ಲಿ ಕಾಲ ಹತ್ತಿರ ಇಟ್ಟುಕೊಂಡು, ಮೊಣಕಾಲನ್ನು ಹೊರಗೆ ಚಾಚಿಕೊಂಡು ಮನೆಗೆ ಬರುವಾಗ ನನ್ನ ತಲೆಯಲ್ಲಿ ಓಡುತ್ತಿದ್ದವನು ಎಡ್ವರ್ಡ್ ಬರ್ನೇಸ್. ಪಿಆರ್ ಓದಿದವರಿಗೆಲ್ಲ ಈ ಹೆಸರು ಗೊತ್ತು. ಓದದೇ ಇರುವವರಿಗೆ ಸ್ವಲ್ಪ ಹೇಳುತ್ತೇನೆ.

1891ರಲ್ಲಿ ವಿಯೆನ್ನಾದಲ್ಲಿ ಹುಟ್ಟಿ, ಕೂಸಾಗಿದ್ದಾಗಲೇ ಅಮೆರಿಕಕ್ಕೆ ಬಂದವನು. ಮನೋವಿಶ್ಲೇಷಣೆ ಹುಟ್ಟುಹಾಕಿದ ಸಿಗ್ಮಂಡ್ ಫ್ರಾಯ್ಡ್‌ನ ಸಂಬಂಧಿ. ಇಂಗ್ಲಿಷಿನವರು ‘ಡಬಲ್ ನೆಫ್ಯೂ’ ಅಂತ ಒದ್ದಾಡಿಕೊಂಡು ಹೇಳುತ್ತಾರೆ. ನಮಗೆ ಸುಲಭ, ಕೊಟ್ಟು ತಂದ ಸಂಬಂಧ. ಫ್ರಾಯ್ಡ್‌ನ ತಂಗಿಯನ್ನು ಬರ್ನೇಸ್‌ನ ಅಪ್ಪನಿಗೆ ಕೊಟ್ಟಿತ್ತು, ಆ ಅಪ್ಪನ ತಂಗಿಯನ್ನು ಫ್ರಾಯ್ಡ್‌ಗೆ ತಂದಿತ್ತು. ಅಂದರೆ ಫ್ರಾಯ್ಡ್ ಇವನಿಗೆ ಸೋದರಮಾವ, ಫ್ರಾಯ್ಡ್‌ನ ಹೆಂಡತಿ ಸೋದರತ್ತೆ. ಮಾವನ ಹೆಸರನ್ನು ಬರ್ನೇಸ್ ಬದುಕಿಡೀ ವಿಸಿಟಿಂಗ್ ಕಾರ್ಡಿನಂತೆ ಬಳಸಿದ.

1923ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಪಬ್ಲಿಕ್ ರಿಲೇಷನ್ಸ್ ಅಂತಲೇ ಒಂದು ಕೋರ್ಸ್ ಪಾಠ ಮಾಡಿದ. ವಿಶ್ವವಿದ್ಯಾಲಯದಲ್ಲಿ ಈ ಹೆಸರಿನ ಪಾಠ ಅದೇ ಮೊದಲು ಅನ್ನುತ್ತಾರೆ. ಪೂರ್ತಿ ಮೇಷ್ಟ್ರೇನೂ ಅಲ್ಲ, ಹಗಲು ಕಂಪನಿಗಳ ಕೆಲಸ, ಮಧ್ಯೆ ಪಾಠ. ಆದರೂ ಇವತ್ತು ನಮ್ಮೂರಿನ ಕಾಲೇಜುಗಳಲ್ಲಿ ಪಿಆರ್ ಪೇಪರ್ ಅಂತ ಏನಿದೆಯೋ ಅದರ ಬೇರು ಹುಡುಕಿಕೊಂಡು ಹೋದರೆ ಅಲ್ಲಿಗೂ ಹೋಗಿ ತಲುಪುತ್ತದೆ.

ಈ ಮನುಷ್ಯ 103 ವರ್ಷ ಬದುಕಿದ. ಸತ್ತಿದ್ದು 1995ರ ಮಾರ್ಚ್‌ನಲ್ಲಿ. ಅವನ ಕಾಗದಪತ್ರಗಳೆಲ್ಲ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ಎಂಟುನೂರಕ್ಕೂ ಜಾಸ್ತಿ ಡಬ್ಬ. ನಮ್ಮ ಮೇಷ್ಟ್ರದ್ದು ಹದಿನಾಲ್ಕು, ಅದಕ್ಕೂ ಜಾಗ ಇರಲಿಲ್ಲ. ಹೋಗಲಿ ಬಿಡಿ.

ಆ ಡಬ್ಬಗಳ ಒಳಗೆ ಏನಿದೆ ಅನ್ನುವುದಕ್ಕಿಂತ, ಅವನು ಅವನ್ನೆಲ್ಲ ಇಟ್ಟುಕೊಂಡ ಅನ್ನುವುದೇ ನನಗೆ ಮೊದಲಿಂದ ಆಶ್ಚರ್ಯ. ನಮ್ಮ ಕಸುಬಿನ ಮೊದಲ ಪಾಠವೇ ಕೈ ಕಾಣಬಾರದು ಅಂತ. ಸುದ್ದಿ ಕಾಣಬೇಕು, ಸುದ್ದಿ ಹುಟ್ಟಿಸಿದವನು ಕಾಣಬಾರದು. ಪೇಪರಿನಲ್ಲಿ ಬಂದ ಸುದ್ದಿ ಓದಿ ‘ಇದು ಪಿಆರ್ ಕಣೋ’ ಅಂತ ಯಾರಾದರೂ ಅಂದರೆ ನಾವು ಸೋತ ಹಾಗೆ. ಅಂಥ ಕಸುಬಿನವನು ಪ್ರತಿ ಮೆಮೊ, ಪ್ರತಿ ಟೆಲಿಗ್ರಾಂ, ಪ್ರತಿ ಬಿಲ್ಲಿನ ಕಾಪಿ ಎತ್ತಿಟ್ಟು ದೇಶದ ಲೈಬ್ರರಿಗೆ ಕೊಟ್ಟು ಹೋದ. ಕಳ್ಳ ತನ್ನ ಡೈರಿಯನ್ನು ಸ್ಟೇಷನ್ನಿಗೆ ಕೊಟ್ಟ ಹಾಗೆ.

ಒಂದು ಉದಾಹರಣೆ ಸಾಕು. 1929ರ ಮಾರ್ಚ್ 31, ಈಸ್ಟರ್ ಭಾನುವಾರ. ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದಲ್ಲಿ ಚರ್ಚು ಮುಗಿಸಿದ ಜನ ಹೊಸ ಬಟ್ಟೆ ಹಾಕಿಕೊಂಡು ಓಡಾಡುವ ದಿನ. ಅಲ್ಲಿ ಕೆಲವು ಯುವತಿಯರು ಎಲ್ಲರ ಎದುರು ಸಿಗರೇಟು ಹಚ್ಚಿದರು. ಹೆಂಗಸರು ಬೀದಿಯಲ್ಲಿ ಸೇದುವುದು ಆಗ ಅಸಭ್ಯ. ಬರ್ತಾ ಹಂಟ್ ಅನ್ನುವ ಯುವತಿ ವರದಿಗಾರರಿಗೆ ಕಾರಣ ಹೇಳಿದಳು. ರಸ್ತೆಯಲ್ಲಿ ಒಬ್ಬ ಗಂಡಸು ನನಗೆ ಮುಜುಗರ ಆಗುತ್ತದೆ, ಸಿಗರೇಟು ಆರಿಸು ಅಂದನಂತೆ, ಅಲ್ಲಿಂದ ಈ ಯೋಚನೆ ಬಂತಂತೆ. ಸಿಗರೇಟಲ್ಲ, ಸ್ವಾತಂತ್ರ್ಯದ ಪಂಜು ಅಂತ ಹೆಸರು. ಮಾರನೇ ದಿನ ನ್ಯೂಯಾರ್ಕ್ ಟೈಮ್ಸ್‌ನಲ್ಲೂ ಬಂತು.

ಈಗ ಡಬ್ಬ ತೆಗೆಯಿರಿ. ಬರ್ತಾ ಹಂಟ್ ಬರ್ನೇಸ್‌ನ ಆಫೀಸಿನ ಸೆಕ್ರೆಟರಿ. ಸ್ತ್ರೀ ಸಮಾನತೆಗಾಗಿ ಬನ್ನಿ ಅಂತ ಶ್ರೀಮಂತರ ಮನೆಯ ಹುಡುಗಿಯರಿಗೆ ಹೋದ ಟೆಲಿಗ್ರಾಂ ಅವಳ ಹೆಸರಿನಲ್ಲಿತ್ತು, ಆಫೀಸಿನ ಹೆಸರಿನಲ್ಲಿ ಅಲ್ಲ. ದುಡ್ಡು ಲಕಿ ಸ್ಟ್ರೈಕ್ ಸಿಗರೇಟು ಮಾಡುವ ಅಮೆರಿಕನ್ ಟೊಬ್ಯಾಕೊ ಕಂಪನಿಯದ್ದು. ಎಂಥ ಹುಡುಗಿಯರು ಬೇಕು ಅನ್ನುವುದಕ್ಕೂ ಮೆಮೊ ಇದೆ: ನೋಡಲು ಚೆನ್ನಾಗಿರಬೇಕು, ಆದರೆ ತೀರಾ ಮಾಡೆಲ್ ಥರ ಕಾಣಬಾರದು. ಪಂಜು ಅನ್ನುವ ಮಾತನ್ನು ಕೊಟ್ಟವರು ಎ.ಎ. ಬ್ರಿಲ್ ಅನ್ನುವ ಮನೋವಿಶ್ಲೇಷಕರು.

‘ತೀರಾ ಮಾಡೆಲ್ ಥರ ಕಾಣಬಾರದು’ ಅನ್ನುವ ಆ ಒಂದು ಸಾಲು ನಾನು ಓದಿದ ಎಲ್ಲ ಪಿಆರ್ ಪಠ್ಯಪುಸ್ತಕಗಳಿಗಿಂತ ಜಾಸ್ತಿ ಕಲಿಸುತ್ತದೆ. ಯಾಕೆಂದರೆ ಇದನ್ನು ಯಾವ ಮೇಷ್ಟ್ರೂ ಬೋರ್ಡಿನ ಮೇಲೆ ಬರೆಯುವುದಿಲ್ಲ. ಇದು ಆಫೀಸಿನ ಒಳಗೆ, ಬಾಗಿಲು ಹಾಕಿಕೊಂಡು ಹೇಳುವ ಮಾತು. ಇವತ್ತೂ ನಾವು ಹೇಳುತ್ತೇವೆ. ‘ಸರ್, ಫೋಟೋಗೆ ರೈತರು ಬೇಕು, ಆದ್ರೆ ತೀರಾ ರೈತರ ಥರ ಬೇಡ’ ಅಂತ ನನ್ನೆದುರೇ ಒಬ್ಬರು ಹೇಳಿದ್ದಾರೆ.

ಮನೆಯ ಕಥೆ ಇನ್ನೊಂದು ಇದೆ. ಬೀದಿಯಲ್ಲಿ ಹೆಂಗಸರಿಗೆ ಸಿಗರೇಟು ಹಚ್ಚಿಸಿದ ಈ ಮಹಾಶಯ ತನ್ನ ಹೆಂಡತಿ ಡೋರಿಸ್‌ಗೆ ಸಿಗರೇಟು ಬಿಡು ಅಂತ ದಂಬಾಲು ಬೀಳುತ್ತಿದ್ದ. ಹೆಣ್ಣುಮಕ್ಕಳಿಗೆ ಹೇಳಿಕೊಟ್ಟು ಅಮ್ಮನ ಸಿಗರೇಟು ಹುಡುಕಿಸಿ, ಮುರಿಸಿ, ಟಾಯ್ಲೆಟ್ಟಿಗೆ ಹಾಕಿಸುತ್ತಿದ್ದ. ಆಮೇಲೆ ಮುದುಕನಾದಾಗ ಆಗ ಅಪಾಯ ಗೊತ್ತಿದ್ದರೆ ಆ ಕೆಲಸ ಒಪ್ಪಿಕೊಳ್ಳುತ್ತಲೇ ಇರಲಿಲ್ಲ ಅಂತ ಹೇಳಿಕೊಂಡ. 1964ರ ನಂತರ ಸಿಗರೇಟಿನ ವಿರುದ್ಧವೂ ಕೆಲಸ ಮಾಡಿದ. ಎಲ್ಲರೂ ನಂಬಿದ್ದರು. ಅವನು ಸತ್ತ ಮೇಲೆ ಬೋಸ್ಟನ್ ಗ್ಲೋಬ್‌ನಲ್ಲಿದ್ದ ಲ್ಯಾರಿ ಟೈ ಆ ಡಬ್ಬಗಳ ಮುಂದೆ ಕೂತ. 1998ರಲ್ಲಿ ಅವನ ಪುಸ್ತಕ ಬಂತು. ಸಿಗರೇಟಿನ ಕೆಡುಕಿನ ಸುಳಿವು 1930ರ ದಶಕದ ಮೊದಲಲ್ಲೇ ಬರ್ನೇಸ್‌ಗೆ ಸಿಕ್ಕಿತ್ತು ಅನ್ನುವುದು ಅವನದೇ ಕಾಗದಗಳಿಂದ ಹೊರಬಂತು. ಅವನೇ ಕಟ್ಟಿ ಇಟ್ಟಿದ್ದ ಕಾಗದಗಳು.

ಯಾಕೆ ಇಟ್ಟ? ನನಗೆ ಅನ್ನಿಸುವುದು, ಬಡಾಯಿ. ಇತಿಹಾಸ ತನ್ನನ್ನು ನೋಡಿ ಚಪ್ಪಾಳೆ ತಟ್ಟುತ್ತದೆ ಅಂತ ಅವನಿಗೆ ಖಾತ್ರಿ ಇತ್ತು. ಪಿಆರ್ ಇತಿಹಾಸ ಬರೆದ ಸ್ಕಾಟ್ ಕಟ್ಲಿಪ್ ಅವನನ್ನು ಪ್ರತಿಭಾವಂತ ಅಂತ ಒಪ್ಪಿಕೊಂಡೇ ಬಡಾಯಿಕೋರ ಅಂದಿದ್ದರು. ಫಿಫ್ತ್ ಅವೆನ್ಯೂ ಕಥೆಯೂ ಅಷ್ಟೇ. ಆ ಕಾಲದ ಪತ್ರಿಕೆಗಳನ್ನು ತಿರುವಿ ನೋಡಿದ ಸಂಶೋಧಕರು ಅವನು ಹೇಳಿಕೊಂಡಷ್ಟು ದೊಡ್ಡ ಸಂಗತಿ ಅದಾಗಿರಲಿಲ್ಲ, ಹೆಂಗಸರು ಸೇದುವುದು ಮೊದಲೇ ಜಾಸ್ತಿಯಾಗುತ್ತಿತ್ತು ಅನ್ನುತ್ತಾರೆ. ಅಂದರೆ ತನ್ನ ಪಿಆರ್ ಕೂಡ ಅವನೇ ಚೆನ್ನಾಗಿ ಮಾಡಿಕೊಂಡಿದ್ದ. ಬಡಾಯಿಯಿಂದ ಜಗತ್ತಿಗೆ ಒಂದು ಉಪಯೋಗ ಆಗಿದೆ ಅಂದರೆ ಅದು ಈ ಡಬ್ಬಗಳೇ ಇರಬೇಕು.

ಡೋರಿಸ್ ಫ್ಲೈಶ್‌ಮನ್ ಬಗ್ಗೆಯೂ ಎರಡು ಮಾತು. ಅವಳು ಹೆಂಡತಿ ಮಾತ್ರ ಅಲ್ಲ, ಕೆಲಸದಲ್ಲಿ ಪಾಲುದಾರಳು. 1925ರಲ್ಲಿ ತವರಿನ ಹೆಸರಿನಲ್ಲೇ ಅಮೆರಿಕದ ಪಾಸ್‌ಪೋರ್ಟ್ ತೆಗೆಸಿಕೊಂಡ ಗಟ್ಟಿಗಿತ್ತಿ. ಆದರೆ ಗಿರಾಕಿಗಳ ಜೊತೆ ಕೂತು ಮಾತಾಡುತ್ತಿದ್ದವನು ಅವನು, ಹಿಂದೆ ಕೂತು ಬರೆಯುತ್ತಿದ್ದವಳು ಅವಳು. ಅವಳ ಕಾಗದಗಳು ಹಾರ್ವರ್ಡ್‌ನ ಶ್ಲೆಸಿಂಜರ್ ಲೈಬ್ರರಿಯಲ್ಲಿ ಬೇರೆಯಾಗಿ ಇವೆ. ಕಾಗದ ಉಳಿಯದಿದ್ದರೆ ಇವಳು ಇದ್ದಳು ಅನ್ನುವುದೇ ಅರ್ಧ ಅಳಿಸಿ ಹೋಗುತ್ತಿತ್ತು. ನಮ್ಮಲ್ಲಿ ಎಷ್ಟು ಮೇಷ್ಟ್ರುಗಳ ಪುಸ್ತಕವನ್ನು ಅವರ ಹೆಂಡತಿಯರು ಟೈಪ್ ಮಾಡಿಲ್ಲ, ತಿದ್ದಿಲ್ಲ? ಮುನ್ನುಡಿಯ ಕೊನೆಯಲ್ಲಿ ‘ಸಹಕರಿಸಿದ ಶ್ರೀಮತಿಗೆ’ ಅಂತ ಒಂದು ಸಾಲು, ಮುಗೀತು.

ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದ್ದು ದೊಡ್ಡ ಕಥೆ. ಇಲ್ಲಿ ಚಿಕ್ಕದಾಗಿ ಹೇಳುತ್ತೇನೆ. ಯುನೈಟೆಡ್ ಫ್ರೂಟ್ ಅನ್ನುವ ಬಾಳೆಹಣ್ಣಿನ ಕಂಪನಿ ಬರ್ನೇಸ್‌ನ ಗಿರಾಕಿ. 1952ರ ಜನವರಿಯಲ್ಲಿ ಅವನು ಅಮೆರಿಕದ ಪತ್ರಿಕೆಯವರ ಒಂದು ಗುಂಪನ್ನು ಅಲ್ಲಿಗೆ ಕರೆದುಕೊಂಡು ಹೋದ. ನಾವು ಪ್ರೆಸ್ ಟೂರ್ ಅನ್ನುತ್ತೇವಲ್ಲ, ಅದೇ. ಓಡಾಟ, ಊಟ, ಯಾರನ್ನು ಭೇಟಿ ಮಾಡಿಸಬೇಕು ಅನ್ನುವ ಪಟ್ಟಿ. ಗ್ವಾಟೆಮಾಲಾ ಕಮ್ಯುನಿಸ್ಟರ ಕೈಗೆ ಹೋಗುತ್ತಿದೆ ಅನ್ನುವ ಸುದ್ದಿಗಳು ಬರುತ್ತಲೇ ಇದ್ದವು. 1954ರ ಜೂನ್‌ನಲ್ಲಿ ಸಿಐಎ ಬೆಂಬಲದ ದಂಗೆಯಲ್ಲಿ ಅಲ್ಲಿನ ಚುನಾಯಿತ ಅಧ್ಯಕ್ಷ ಅರ್ಬೆನ್ಸ್ ಇಳಿಯಬೇಕಾಯಿತು. ದಂಗೆ ಮಾಡಿಸಿದ್ದು ಬರ್ನೇಸ್ ಒಬ್ಬನೇ ಅಂದರೆ ಅದೂ ಅವನ ಬಡಾಯಿಯನ್ನೇ ನಂಬಿದ ಹಾಗೆ. ಆದರೆ ನೆಲ ಹದ ಮಾಡಿದವರಲ್ಲಿ ಅವನ ಪಾಲು ಎಷ್ಟು ಅಂತ ಇವತ್ತು ವಾದ ಮಾಡಬಹುದು ಅಂದರೆ, ಆ ಪತ್ರಗಳು ಅಲ್ಲಿವೆ ಅನ್ನುವ ಕಾರಣಕ್ಕೆ ಮಾತ್ರ.

ಕಟ್ಲಿಪ್ ಹೆಸರು ಬಂತಲ್ಲ, ಅವರು ನಿಜವಾದ ಮೇಷ್ಟ್ರು. (ಬರ್ನೇಸ್‌ಗೆ ‘ಅವನು’, ಇವರಿಗೆ ‘ಅವರು’ ಅಂತ ಯಾಕೆ ಬರೆಯುತ್ತಿದ್ದೀನೋ ಗೊತ್ತಿಲ್ಲ, ಕೈ ಹಾಗೇ ಹೋಗುತ್ತದೆ.) 1946ರಿಂದ 1975ರವರೆಗೆ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ, ಆಮೇಲೆ ಜಾರ್ಜಿಯಾದಲ್ಲಿ ಡೀನ್. 1952ರಲ್ಲಿ ಅವರು ಅಲೆನ್ ಸೆಂಟರ್ ಜೊತೆ ಬರೆದ ಪಠ್ಯಪುಸ್ತಕ ನಮ್ಮ ಕಾಲಕ್ಕೂ ‘ಕಟ್ಲಿಪ್ ಅಂಡ್ ಸೆಂಟರ್’ ಆಗಿ ಲೈಬ್ರರಿಯಲ್ಲಿತ್ತು, ಬೈಂಡು ಕಿತ್ತುಹೋಗಿತ್ತು, ಪರೀಕ್ಷೆಗೆ ಬರುವ ಅಧ್ಯಾಯ ಮಾತ್ರ ಯಾರೋ ಹರಿದುಕೊಂಡು ಹೋಗಿದ್ದರು. ವಯಸ್ಸಾದ ಮೇಲೆ, 1994ರಲ್ಲಿ, ಅವರು ಈ ಕಸುಬಿನ ಇತಿಹಾಸವನ್ನು ದಪ್ಪ ಪುಸ್ತಕವಾಗಿ ಬರೆದರು. ಕಸುಬುದಾರರು ಬಿಟ್ಟುಹೋದ ಪತ್ರಗಳನ್ನು ಅಗೆದು ಬರೆದ ಇತಿಹಾಸ.

ಅವರಿದ್ದ ಮ್ಯಾಡಿಸನ್ ಊರಿನಲ್ಲೇ, ವಿಶ್ವವಿದ್ಯಾಲಯಕ್ಕೆ ಅಂಟಿಕೊಂಡ ಹಾಗೆ, ವಿಸ್ಕಾನ್ಸಿನ್ ಹಿಸ್ಟಾರಿಕಲ್ ಸೊಸೈಟಿ ಇದೆ. ಹಿಲ್ ಅಂಡ್ ನೋಲ್ಟನ್ ಅನ್ನುವ ದೊಡ್ಡ ಪಿಆರ್ ಕಂಪನಿಯ ಜಾನ್ ಹಿಲ್ ಅವರ ಕಾಗದಗಳು ಅಲ್ಲಿವೆ. 1953ರ ಡಿಸೆಂಬರ್‌ನಲ್ಲಿ ಸಿಗರೇಟು ಕಂಪನಿಗಳ ಯಜಮಾನರು ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನಲ್ಲಿ ಸೇರಿ, ಸಿಗರೇಟಿನಿಂದ ಕ್ಯಾನ್ಸರ್ ಅನ್ನುವ ಸುದ್ದಿಗೆ ಏನು ಮಾಡೋಣ ಅಂತ ಕರೆಸಿದ್ದು ಇದೇ ಹಿಲ್‌ರನ್ನ. 1954ರ ಜನವರಿ 4ಕ್ಕೆ ನಾನೂರಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಒಂದು ಪೂರ್ತಿ ಪುಟದ ಹೇಳಿಕೆ ಬಂತು. ನಿಮ್ಮ ಆರೋಗ್ಯ ನಮಗೆ ಎಲ್ಲಕ್ಕಿಂತ ಮುಖ್ಯ, ಸಂಶೋಧನೆಗೆ ನೆರವು ಕೊಡುತ್ತೇವೆ ಅಂತ. ಓದಿದರೆ ಎಷ್ಟು ಸಭ್ಯವಾಗಿದೆ ಅಂದರೆ, ನಾನು ಬರೆದಿದ್ದರೂ ಹೀಗೇ ಬರೆಯುತ್ತಿದ್ದೆ. ಆ ಹೇಳಿಕೆಯ ಹಿಂದಿನ ಲೆಕ್ಕಾಚಾರ, ಯಾರು ಏನು ಅಂದರು ಅನ್ನುವುದು ಆ ಕಾಲದ ಮೆಮೊಗಳಲ್ಲಿದೆ. ಮುಂದೆ ಸಿಗರೇಟು ಕಂಪನಿಗಳ ಮೇಲೆ ಮೊಕದ್ದಮೆ ನಡೆದಾಗ ಅಂಥ ಕಾಗದಗಳೇ ಸಾಕ್ಷಿಯಾಗಿ ಕೋರ್ಟಿಗೆ ಹೋದವು. 2006ರಲ್ಲಿ ನ್ಯಾಯಾಧೀಶೆ ಗ್ಲ್ಯಾಡಿಸ್ ಕೆಸ್ಲರ್ ಕಂಪನಿಗಳು ದಶಕಗಳ ಕಾಲ ಜನರನ್ನು ವಂಚಿಸಿದವು ಅಂತ ಬರೆದ ತೀರ್ಪಿನಲ್ಲಿ ಈ ಹೋಟೆಲ್ ಮೀಟಿಂಗಿನ ಕಥೆಯೂ ಇದೆ.

ನಾನು ಹೇಳಬೇಕಾಗಿರುವುದು ಇಷ್ಟೇ. ಪ್ರಕಟವಾದ ಸುದ್ದಿ ಎಲ್ಲ ಲೈಬ್ರರಿಯಲ್ಲೂ ಸಿಗುತ್ತದೆ. ಅದು ಹೇಗೆ ಪ್ರಕಟವಾಯಿತು ಅನ್ನುವುದು ಪಿಆರ್‌ನವರ ಕಪಾಟಿನಲ್ಲಿ ಮಾತ್ರ ಇರುತ್ತದೆ. ಕಪಾಟು ಗುಜರಿಗೆ ಹೋದರೆ ಸುದ್ದಿಯೇ ಸತ್ಯ ಆಗಿ ಉಳಿದುಬಿಡುತ್ತದೆ.

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪತ್ರಿಕೋದ್ಯಮ ಪಾಠ ಶುರುವಾಗಿದ್ದು 1951ರಲ್ಲಿ. ಎಪ್ಪತ್ತು ವರ್ಷ ದಾಟಿತು. ಅಲ್ಲಿಂದ ಈಚೆಗೆ ನಮ್ಮಲ್ಲಿ ಎಷ್ಟು ಪಿಆರ್‌ಒಗಳು ಆಗಿ ಹೋದರು! ಸಾರ್ವಜನಿಕ ಉದ್ದಿಮೆಗಳಲ್ಲಿ, ಬ್ಯಾಂಕುಗಳಲ್ಲಿ, ಅಣೆಕಟ್ಟು ಕಟ್ಟುವ ಕಡೆ, ಮುಳುಗಡೆಯಾಗುವ ಹಳ್ಳಿಯವರಿಗೆ ‘ನಾಡಿನ ಪ್ರಗತಿಗಾಗಿ’ ಅಂತ ಕರಪತ್ರ ಬರೆದವರು, ಮುಷ್ಕರದ ದಿನ ಆಡಳಿತ ಮಂಡಳಿಯ ಹೇಳಿಕೆ ಬರೆದವರು. ಆ ಕರಪತ್ರದ ಮೊದಲ ಕರಡು ಹೇಗಿತ್ತು, ಯಾವ ಪದ ಹೊಡೆದರು, ಯಾರು ಹೊಡೆಸಿದರು? ಸರ್ಕಾರದ ಕಡತ ಆದರೆ ಆರ್‌ಟಿಐ ಅರ್ಜಿ ಹಾಕಿ ಜಗಳ ಆಡಬಹುದು. ಮನೆಯ ಅಟ್ಟದ ಮೇಲಿನ ಕಾಗದಕ್ಕೆ ಯಾವ ಅರ್ಜಿ ಹಾಕೋದು?

ಇದೇನು ಆಗದ ಕೆಲಸ ಅಲ್ಲ. ಬೆಂಗಳೂರಿನಲ್ಲೇ, ಜೀವವಿಜ್ಞಾನದ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್ ಒಳಗೆ 2019ರಿಂದ ವಿಜ್ಞಾನಿಗಳ ಕಾಗದಪತ್ರ ಇಡುವ ಆರ್ಕೈವ್ಸ್ ಇದೆ. ಪತ್ರ, ಟಿಪ್ಪಣಿ, ಫೋಟೋ ಎಲ್ಲ ಕ್ರಮವಾಗಿ ಜೋಡಿಸಿ, ಪಟ್ಟಿ ಮಾಡಿ ಇಡುತ್ತಾರೆ. ವಿಜ್ಞಾನಿಯ ನೋಟ್‌ಬುಕ್ಕಿಗೆ ಇರುವ ಮರ್ಯಾದೆ ಪಿಆರ್ ಮೇಷ್ಟ್ರ ಪ್ರೆಸ್ ನೋಟಿಗೆ ಯಾಕಿಲ್ಲ ಅಂತ ಕೇಳಿದರೆ ನಗುತ್ತಾರೆ. ಗೆಳೆಯರೊಬ್ಬರು ‘ಸುಳ್ಳಿಗೂ ಮ್ಯೂಸಿಯಂ ಬೇಕೇನಯ್ಯಾ?’ ಅಂದರು. ಬೇಕು ಸ್ವಾಮಿ, ಸುಳ್ಳಿಗೇ ಜಾಸ್ತಿ ಬೇಕು.

ಈಗಿನವರದ್ದು ಇನ್ನೂ ಕಷ್ಟ. ಎಲ್ಲ ವಾಟ್ಸಾಪ್‌ನಲ್ಲಿ. ‘ಇದನ್ನ ಹಾಕ್ಸಿ ಅಣ್ಣ’ ಅಂತ ಒಂದು ಮೆಸೇಜು, ಇಪ್ಪತ್ತನಾಲ್ಕು ಗಂಟೆಗೆ ಅದೂ ಮಾಯ. ಹಾಗೆ ಮಾಯವಾಗುವ ಸೆಟ್ಟಿಂಗ್ ಹಾಕಿಕೊಳ್ಳಿ ಅಂತ ನಮ್ಮ ಆಫೀಸಿನ ಹುಡುಗರಿಗೆ ಹೇಳಿಕೊಟ್ಟವನೂ ನಾನೇ. ಬರ್ನೇಸ್‌ನ ಸೆಕ್ರೆಟರಿ ಟೆಲಿಗ್ರಾಂ ಕೊಡುವ ಕಾಲದಲ್ಲಿ ಕಡೇಪಕ್ಷ ಒಂದು ಕಾಪಿ ಫೈಲಿಗೆ ಬೀಳುತ್ತಿತ್ತು.

ಮೇಷ್ಟ್ರ ಡಬ್ಬಕ್ಕೆ ಬರುತ್ತೇನೆ. ತುಕ್ಕು ಹಿಡಿದ ಗುಂಡುಸೂಜಿಗಳು, ಅವುಗಳ ಕಂದು ಕಲೆ ಮೂರು ಹಾಳೆ ಕೆಳಗಿನವರೆಗೂ ಇಳಿದಿದೆ. ಪಾಠಕ್ಕೆ ಬರುವ ಮೊದಲು ಅವರು ಒಂದು ಕಾರ್ಖಾನೆಯಲ್ಲಿ ಪಿಆರ್‌ಒ ಆಗಿದ್ದರು. ಒಂದು ಪ್ರೆಸ್ ನೋಟಿನ ಮೂರು ಕರಡು ಒಟ್ಟಿಗೆ ಪಿನ್ ಮಾಡಿದ್ದರು. ಮೂರರ ಮೇಲೂ ‘ಪ್ರಕಟಣೆಯ ಕೃಪೆಗಾಗಿ’. ಮೊದಲನೆಯದರಲ್ಲಿ ಅನಿಲ ಸೋರಿಕೆ, ಏಳು ಕಾರ್ಮಿಕರು ಆಸ್ಪತ್ರೆಗೆ. ಎರಡನೆಯದರಲ್ಲಿ ಸಣ್ಣ ತಾಂತ್ರಿಕ ತೊಂದರೆ, ಕೆಲವರಿಗೆ ಅಸ್ವಸ್ಥತೆ. ಮೂರನೆಯದರಲ್ಲಿ ‘ಮುನ್ನೆಚ್ಚರಿಕೆ ಕ್ರಮವಾಗಿ ಕಾರ್ಮಿಕರ ಆರೋಗ್ಯ ತಪಾಸಣೆ ನಡೆಸಲಾಯಿತು’. ಯಾರೋ ಕೆಂಪು ಇಂಕಿನಲ್ಲಿ ಸರಿ ಅಂತ ಗುರುತು ಹಾಕಿದ್ದಾರೆ. ಜೊತೆಗೆ ಪೇಪರಿನ ಕ್ಲಿಪ್ಪಿಂಗ್, ಒಂದೇ ಕಾಲಂ, ಮೂರನೇ ಕರಡು ಅಕ್ಷರಕ್ಕೆ ಅಕ್ಷರ. ಹಾಳೆಯ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ, ಆಮೇಲೆ ಬರೆದದ್ದು ಅಂತ ನೋಡಿದರೇ ಗೊತ್ತಾಗುತ್ತದೆ, ಮೇಷ್ಟ್ರ ಕೈಬರಹ: ‘ಮೂರೂ ನಾನೇ ಬರೆದಿದ್ದು. ಹುಡುಗರಿಗೆ ತೋರಿಸಬೇಕು.’

ನಮಗೆ ಯಾವತ್ತೂ ತೋರಿಸಲಿಲ್ಲ. ಧೈರ್ಯ ಬರಲಿಲ್ಲವೋ ಏನೋ.

ಅವತ್ತು ರಾತ್ರಿ ನನ್ನ ಹಳೇ ಲ್ಯಾಪ್‌ಟಾಪ್ ತೆಗೆದೆ. 2009ರ ಒಂದು ಫೋಲ್ಡರ್ ಇದೆ. ಆಗ ಒಂದು ಕಂಪನಿಯ ಪರವಾಗಿ ಪತ್ರಿಕೆಗಳಿಗೆ ಓದುಗರ ಪತ್ರ ಬರೆಯುವ ಕೆಲಸ ನನ್ನದಾಗಿತ್ತು. ಬೇರೆ ಬೇರೆ ಹೆಸರು, ಬೇರೆ ಬೇರೆ ಊರು. ಒಂದು ತುಮಕೂರಿನಿಂದ, ಒಂದು ದಾವಣಗೆರೆಯಿಂದ, ಒಂದು ನಿವೃತ್ತ ಶಿಕ್ಷಕರಿಂದ. ನಿವೃತ್ತ ಶಿಕ್ಷಕರ ಪತ್ರಕ್ಕೆ ಬೇಕಂತಲೇ ಎರಡು ಕಾಗುಣಿತದ ತಪ್ಪು ಹಾಕಿ, ಆಮೇಲೆ ಶಿಕ್ಷಕರು ತಪ್ಪು ಬರೆಯಲ್ಲ ಅಂತ ಹೊಳೆದು ತೆಗೆದಿದ್ದೆ. ಎರಡೂ ಕರಡು ಇವೆ. ಮೂರು ಪತ್ರದಲ್ಲಿ ಎರಡು ಪ್ರಕಟವಾದವು. ಕಂಪನಿಯವರು ಸಿಹಿ ಕಳಿಸಿದ್ದರು.

ಡಿಲೀಟ್ ಒತ್ತಲು ಹೋಗಿ ಬಿಟ್ಟೆ. ಆ ಫೋಲ್ಡರನ್ನು ಒಂದು ಪೆನ್ ಡ್ರೈವಿಗೆ ಹಾಕಿ, ಮೇಷ್ಟ್ರ ಡಬ್ಬದಲ್ಲಿ, ಆ ಮೂರು ಕರಡುಗಳ ಪಕ್ಕದಲ್ಲಿ ಇಟ್ಟಿದ್ದೇನೆ. ಡಬ್ಬ ಸದ್ಯಕ್ಕೆ ಮಂಚದ ಕೆಳಗಿದೆ. ಯುಗಾದಿ ಕ್ಲೀನಿಂಗ್ ಬರುವಷ್ಟರಲ್ಲಿ ಬೇರೆ ಕಡೆ ಜಾಗ ನೋಡಿ ಅಂತ ಮನೆಯವಳು ಹೇಳಿಯಾಗಿದೆ.